ಸಮ ಬಾರದ ಬಣ್ಣ

ಬ್ಯಾಡಗಿಯಲ್ಲಿ ನಾನು ಸೊಸೆಯಾಗಿ ಬಂದದ್ದು ಚರ್ಮದ ಕೆಲಸದವರ ಮನೆಗೆ. ಗಂಡ ಚಪ್ಪಲಿ ಹೊಲಿಯುತ್ತಿದ್ದರು. ಅತ್ತೆ ಚೀಲ ಹೊಲಿದು ಬಣ್ಣ ಹಚ್ಚುತ್ತಿದ್ದರು. ತೊಗಟೆಯ ನೀರಿನಲ್ಲಿ ಹದ ಮಾಡಿದ ಚರ್ಮ ಬಾಯಾರಿದವರ ಹಾಗೆ ಬಣ್ಣ ಕುಡಿಯುತ್ತದೆ. ಎಲ್ಲೂ ಕಲೆಯಾಗದಂತೆ ಅದನ್ನು ಕೂರಿಸುವುದು ನಮ್ಮ ಓಣಿಯಲ್ಲಿ ಅತ್ತೆಯೊಬ್ಬರಿಗೇ ಬರುತ್ತಿತ್ತು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷಕ್ಕೆ ಅವರ ಎರಡೂ ಕಣ್ಣಿಗೆ ಪೊರೆ ಬಂತು.

ಅದೇ ವರ್ಷ ನಮ್ಮೂರ ಆಸ್ಪತ್ರೆಯ ಸಿಸ್ಟರ್‌ಗೆ ರಾಣೆಬೆನ್ನೂರಿಗೆ ವರ್ಗವಾಯಿತು. ನನ್ನ ಹೆರಿಗೆ ಕಷ್ಟವಾದಾಗ ಹಾವೇರಿಯ ಆಸ್ಪತ್ರೆಯವರೆಗೆ ಜೀಪಿನಲ್ಲಿ ನನ್ನ ಕೈ ಹಿಡಿದುಕೊಂಡು ಬಂದಿದ್ದ ನರ್ಸ್ ಅವರು. ಅವರಿಗೆ ಕೊಡಲೆಂದು ಅತ್ತೆ ಎಂಟು ದಿನ ಕೂತು, ಬೆರಳಿನಲ್ಲೇ ಅಳತೆ ನೋಡಿ, ಒಂದು ಹೆಗಲ ಚೀಲ ಹೊಲಿದರು. ಬಣ್ಣ ಮಾತ್ರ ನನಗೆ ಬಿಟ್ಟರು.

"ಮೊದಲ ಹಸಿ ಬಟ್ಟಿಲೆ ಎಲ್ಲಾ ಕಡೆ ಒರಸು. ನೀರು ಒಂದ ಸಮ ಇಳಿಯೂತನಕಾ ಕಾಯಿ. ಬಣ್ಣ ತೆಳುವು ಮಾಡ್ಕೊಂಡು ಮೂರು ಸಲ ಹಚ್ಚು. ಒಂದ ಸಲಕ್ಕ ಮುಗಸಾಕ ಹೋಗಬ್ಯಾಡ," ಅಂದರು.

ಅವತ್ತು ಕರ್ಜಗಿಯ ನಮ್ಮ ತವರಿನಲ್ಲಿ ತಂಗಿಯ ನಿಶ್ಚಯ. ಮಧ್ಯಾಹ್ನದ ಬಸ್ಸಿನ ಮೇಲೆ ನನ್ನ ಜೀವ. ಮಗಳ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಅದೇ ಕೈಯನ್ನು ಸೀರೆಗೆ ಒರೆಸಿಕೊಂಡು ಚೀಲ ಎತ್ತಿಕೊಂಡೆ. ಒದ್ದೆ ಮಾಡಲಿಲ್ಲ. ಗಟ್ಟಿ ಬಣ್ಣದಲ್ಲಿ ಬ್ರಷ್ ಅದ್ದಿ ಎಳೆದೆ. ಬ್ರಷ್ ಮೊದಲು ತಾಗಿದ ಕಡೆಯೆಲ್ಲ ಚರ್ಮ ಬಣ್ಣ ಕುಡಿದು ಕಪ್ಪಾಯಿತು. ಎಣ್ಣೆ ಬೆರಳು ಮುಟ್ಟಿದ ಕಡೆ ಬಣ್ಣ ಹತ್ತಲೇ ಇಲ್ಲ. ಮೇಲಿಂದ ಮೇಲೆ ಬಳಿದೆ. ಕಪ್ಪು ಇನ್ನೂ ಕಪ್ಪಾಯಿತು, ನನ್ನ ನಾಲ್ಕು ಬೆರಳಿನ ಗುರುತು ಹಾಗೇ ಉಳಿಯಿತು.

"ಹೆಂಗ ಬಂತವಾ?" ಅತ್ತೆ ಒಳಗಿನಿಂದ ಕೇಳಿದರು.

"ಸಮ ಬಂದೈತ್ರಿ," ಅಂದೆ.

ಮರುದಿನ ನಾನು ತವರಿನಿಂದ ವಾಪಸು ಬಂದ ಮೇಲೆ, ಅತ್ತೆಯೇ ತಮ್ಮ ಕೈಯಾರೆ ಸಿಸ್ಟರ್‌ಗೆ ಚೀಲ ಕೊಟ್ಟರು. "ಬಣ್ಣ ನಮ್ಮ ಸೊಸಿ ಹಚ್ಯಾಳ್ರಿ, ನನಗಿಂತ ಚಲೋ ಹಚ್ಚತಾಳ," ಅಂದರು. ಸಿಸ್ಟರ್ ಚೀಲ ನೋಡಿದರು, ನನ್ನ ಮುಖ ನೋಡಿದರು. "ಭಾಳ ಛಂದ ಆಗೈತಿ ಅವ್ವಾರ," ಅಂದರು. ನಾನು ನೆಲ ನೋಡುತ್ತ ನಿಂತೆ.

ಮುಂದೆ ಐದಾರು ತಿಂಗಳಿಗೆ ಹಾವೇರಿಯಲ್ಲಿ ಅತ್ತೆಯ ಕಣ್ಣಿನ ಆಪರೇಷನ್ ಆಯಿತು. ಕಾಣಲು ಶುರುವಾದದ್ದೇ ತಡ, ಕಣ್ಣು ಬಂದದ್ದನ್ನು ಸಿಸ್ಟರ್‌ಗೆ ಹೇಳಿ ಬರೋಣ ಎಂದು ಹಟ ಹಿಡಿದರು. ಏನೇನೋ ನೆಪ ಹೇಳಿದೆ, ನಡೆಯಲಿಲ್ಲ. ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಆ ಚೀಲ ಸಿಸ್ಟರ್ ಅವರ ಕುರ್ಚಿಯ ಹಿಂದೆ ತೂಗುತ್ತಿತ್ತು. ದಿನಾ ಬಳಸಿ ಅಂಚು ಸವೆದಿತ್ತು. ಅತ್ತೆ ಅದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಹೊಲಿಗೆಯ ಮೇಲೆ ಬೆರಳಾಡಿಸಿದರು. ನನ್ನ ನಾಲ್ಕು ಬೆರಳಿನ ಬಿಳಿಚಿದ ಗುರುತಿನ ಮೇಲೆ ತಮ್ಮ ಬೆರಳಿಟ್ಟು ನೋಡಿ, ಚೀಲವನ್ನು ಇದ್ದಲ್ಲೇ ತೂಗುಹಾಕಿದರು. ಸಿಸ್ಟರ್ ಕೊಟ್ಟ ಚಹಾ ಕುಡಿದು, ನಕ್ಕು ಮಾತಾಡಿದರು.

ವಾಪಸು ಬರುವಾಗ ಬಸ್ಸು ಮೋಟೆಬೆನ್ನೂರು ದಾಟಿತು. ಆಮೇಲೆ ಅತ್ತೆ ಮೆಲ್ಲಗೆ ಹೇಳಿದರು: "ಕಲೆ ಬಿದ್ದದ್ದಕ್ಕ ನಂಗ ಬ್ಯಾಸರಿಲ್ಲ. ನನ್ನ ಕೈಲೂ ಬಿದ್ದಾವು. ನಂಗ ಕಣ್ಣು ಕಾಣೂದಿಲ್ಲಂತ ತಿಳಕೊಂಡು ಸಮ ಬಂದೈತಿ ಅಂದ್ಯಲ್ಲ, ಅದಕ್ಕ ಬ್ಯಾಸರ."

"ಅವತ್ತು ಗಡಿಬಿಡಿ ಇತ್ರಿ ಅತ್ತಿ," ಅಂದೆ. ಅಷ್ಟೇ ಅಂದೆ. ತಪ್ಪಾಯಿತು ಎನ್ನಬೇಕೆಂದಿದ್ದೆ; ಅಷ್ಟರಲ್ಲಿ ಅವರು ಕಿಟಕಿಯ ಕಡೆ ತಿರುಗಿದ್ದರು.

ಅತ್ತೆ ಇನ್ನೂ ನಾಲ್ಕು ವರ್ಷ ಬದುಕಿದ್ದರು. ನನಗೆ ಎದುರು ಕೂತು ಬಣ್ಣದ ಕೆಲಸ ಪೂರ್ತಿ ಕಲಿಸಿದರು, ಒಂದು ದಿನವೂ ಬಿರುಸು ಮಾತಾಡಲಿಲ್ಲ. ಆದರೆ ಹೆಂಗ ಬಂತು ಎಂದು ನನ್ನನ್ನು ಮತ್ತೆ ಕೇಳಲಿಲ್ಲ. ನಾನು ಹಚ್ಚಿದ್ದನ್ನು ತಾವೇ ಮನೆ ಮುಂದಿನ ಕಟ್ಟೆಗೆ ಒಯ್ದು, ಬಿಸಿಲಿಗೆ ಹಿಡಿದು ನೋಡುತ್ತಿದ್ದರು.