ನಲವತ್ತು ನಿಮಿಷ ತೆರೆದಿದ್ದ ಫೋಲ್ಡರ್

ಕಚೇರಿಯಲ್ಲಿ ಅವನನ್ನು ಎಲ್ಲರೂ ಬೀಗಣ್ಣ ಎನ್ನುತ್ತಿದ್ದರು. ಕಟ್ಟಡಗಳ ನಕ್ಷೆ ಬರೆಯುವ ಆ ಕಚೇರಿಯ ಕಡತಗಳೆಲ್ಲ ಒಂದೇ ಸರ್ವರ್‌ನಲ್ಲಿದ್ದವು. ಯಾರು ಯಾವ ಫೋಲ್ಡರ್ ತೆರೆಯಬಹುದೆಂದು ನೋಡಿಕೊಳ್ಳುವ ಕೆಲಸ ಅವನದು. ಕೂತಲ್ಲಿ ಕೂರುವ ಜೀವವಲ್ಲ. ಮನೆಯ ಬೀಗ ಹಾಕಿದ ಮೇಲೂ ಎರಡು ಸಲ ಜಗ್ಗಿ ನೋಡುತ್ತಿದ್ದ. ಫ್ರಿಜ್ ತೆಗೆಯೋಕೂ ನಿಮ್ಮ ಪರ್ಮಿಷನ್ ಬೇಕೇನ್ರೀ ಎಂದು ಹೆಂಡತಿ ಕಿಚಾಯಿಸುತ್ತಿದ್ದಳು.

ಅಂಥವನೂ ಒಮ್ಮೆ ಎಡವಿದ. ರಜೆಪಟ್ಟಿ ನೋಡಬೇಕು, ಬೇಗ ಕೊಡು ಎಂದು ಮೇಲ್ವಿಚಾರಕ ತಲೆಯ ಮೇಲೆ ನಿಂತಿದ್ದ. ಆ ಪಟ್ಟಿಗಷ್ಟೇ ಕೊಡಬೇಕಾದ ಅನುಮತಿಯನ್ನು ಬೀಗಣ್ಣ ಅವಸರದಲ್ಲಿ ಸಿಬ್ಬಂದಿಯ ಇಡೀ ಫೋಲ್ಡರಿಗೆ ಕೊಟ್ಟು, ಒಳಗಿನವಕ್ಕೂ ಇದೇ ಇರಲಿ ಎಂದು ಒತ್ತಿಬಿಟ್ಟ. ಒಳಗೆ ಟೈಪಿಸ್ಟ್ ಅಕ್ಕನ ಫೋಲ್ಡರಿತ್ತು. ತನ್ನ ತಪ್ಪುಗಳನ್ನೆಲ್ಲ ನನ್ನ ತಲೆಗೆ ಕಟ್ಟುತ್ತಾನೆ ಎಂದು ಅದೇ ಮೇಲ್ವಿಚಾರಕನ ಮೇಲೆ ದೂರು ಬರೆದು, ಕೊಡುವ ಧೈರ್ಯ ಸಾಲದೆ ಅವಳು ಅದರಲ್ಲಿ ಇಟ್ಟಿದ್ದಳು. ಇನ್ನಾರೂ ನೋಡದಂತೆ ಆ ಫೋಲ್ಡರನ್ನು ಮಾಡಿಕೊಟ್ಟವನೂ ಬೀಗಣ್ಣನೇ.

ನಲವತ್ತು ನಿಮಿಷವಾದ ಮೇಲೆ ತಪ್ಪು ಕಣ್ಣಿಗೆ ಬಿತ್ತು. ಸರಿಪಡಿಸಿದ. ಆದರೆ ಅಷ್ಟರಲ್ಲಿ ಮೇಲ್ವಿಚಾರಕ ಓದಿದನೋ ಇಲ್ಲವೋ ತಿಳಿಯುವಂತಿರಲಿಲ್ಲ. ಯಾರು ಏನು ತೆರೆದರೆಂದು ಆ ಸರ್ವರ್ ಬರೆದಿಡುತ್ತಿರಲಿಲ್ಲ. ಬಾಯಿ ಹೊಲಿದುಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಊಟದ ಡಬ್ಬಿ ತೆರೆದ, ಮುಚ್ಚಿದ. ಮೆಟ್ಟಿಲಿಳಿದ, ಮತ್ತೆ ಹತ್ತಿದ. ಮೇಲ್ವಿಚಾರಕ ನಕ್ಕರೂ ಅನುಮಾನ, ನಗದಿದ್ದರೂ ಅನುಮಾನ. ಕೊನೆಗೆ ಅಕ್ಕನ ಮೇಜಿನ ಮುಂದೆ ಹೋಗಿ ನಿಂತ.

"ಅಕ್ಕಾ, ನಿಮ್ಮ ಫೋಲ್ಡರು ನಲವತ್ತು ನಿಮಿಷ ಮೇಲ್ವಿಚಾರಕರಿಗೆ ತೆರೆದಿತ್ತು. ನನ್ನದೇ ತಪ್ಪು. ಓದಿದ್ರೋ ಇಲ್ವೋ ಗೊತ್ತಿಲ್ಲ."

ಅವಳ ಬೆರಳುಗಳು ಕೀಲಿಗಳ ಮೇಲೆಯೇ ನಿಂತವು. "ಹೇಳದಿದ್ರೆ ನಂಗೆಲ್ಲಿ ಗೊತ್ತಾಗ್ತಿತ್ತು?"

"ಅದಕ್ಕೇ ಹೇಳ್ದೆ."

"ಸರಿ. ಅವನ ಬಾಯಿಂದ ಹೋಗೋ ಮುಂಚೆ ನನ್ನ ಕೈಯಿಂದಲೇ ಹೋಗ್ಲಿ."

ಪತ್ರವನ್ನು ಪ್ರಿಂಟ್ ತೆಗೆದು ಮ್ಯಾನೇಜರ ಕೋಣೆಗೆ ನಡೆದಳು. ಅವಳು ಹೊರಬರುವ ತನಕ ಬೀಗಣ್ಣ ಬಾಗಿಲ ಹೊರಗೆ ಕಾಲು ಬದಲಿಸುತ್ತ ನಿಂತೇ ಇದ್ದ.

ಬೀಗಣ್ಣ ತೀರಿಹೋಗಿ ಮೂರು ತಿಂಗಳಾಯಿತು. ಸರ್ವರ್‌ನಿಂದ ಅವನ ಖಾತೆಯನ್ನು ತೆಗೆದಾಗ, ಅನುಮತಿ ಪಟ್ಟಿಗಳಲ್ಲಿ ಅವನ ಹೆಸರಿದ್ದಲ್ಲೆಲ್ಲ ಹೆಸರು ಹೋಗಿ, ಅವನ ಖಾತೆಯ ಗುರುತಿನ ಉದ್ದನೆಯ ಸಂಖ್ಯೆಯೊಂದು ಉಳಿಯಿತು. ಒಂದೊಂದಾಗಿ ಅಳಿಸುತ್ತ ಬಂದ ಹೊಸಬ, ನಿಮ್ಮ ಫೋಲ್ಡರಿನದನ್ನೂ ತೆಗೆಯಲೇ ಎಂದು ಅಕ್ಕನನ್ನು ಕೇಳಿದ.

"ಅದೊಂದು ಇರ್ಲಿ ಬಿಡಪ್ಪ," ಎಂದಳು ಅವಳು. "ಅವನು ಎರಡು ಸಲ ನೋಡೋನು."