ಹಾಜರಿಗೆ ಓಗೊಟ್ಟವಳು

ನನ್ನ ತಂಗಿ ಬಡಪೆಟ್ಟಿಗೆ ಬಗ್ಗುವವಳಲ್ಲ. ಅವಳ ಜೊತೆ ಒಂದೇ ಸೂರಿನಡಿ ಏಗಿದವಳು ನಾನು, ನನ್ನ ಮಾತು ನಂಬಿ. ಅವಳು ಎರಡನೇ ತರಗತಿಯ ಟೀಚರು, ನಾನು ಹೊಲಿಗೆಯವಳು. ಶಾಲೆಗಳಿಗೆಲ್ಲ ಬೀಗ ಬಿದ್ದ ವರ್ಷ ಅವಳ ಶಾಲೆ ಬಂದು ನಮ್ಮ ಮನೆಯಲ್ಲೇ ವಕ್ಕರಿಸಿತು. ನನ್ನ ಮಿಷನ್ನಿನ ಪಕ್ಕದ ಕಿಟಕಿಯೇ ಬೇಕಂತೆ, ಮುಖದ ಮೇಲೆ ಬೆಳಕು ಬೀಳಬೇಕಂತೆ. ಎರಡು ಡಬ್ಬಿಗಳ ಆಸರೆಯಲ್ಲಿ ಫೋನು ನಿಲ್ಲಿಸಿ, ನನ್ನದೇ ಕಪ್ಪು ಲೈನಿಂಗ್ ಬಟ್ಟೆಯನ್ನು ಗೋಡೆಗೆ ಬಿಗಿದು, ನನ್ನದೇ ಗುರುತಿನ ಸೀಮೆಸುಣ್ಣದಲ್ಲಿ ಅದರ ಮೇಲೆ ಲೆಕ್ಕ ಬರೆಯುತ್ತಿದ್ದಳು. ಆ ಬಟ್ಟೆ ಮತ್ತೆ ಯಾರ ರವಿಕೆಗೂ ಆಗಲಿಲ್ಲ, ಬಿಡಿ.

ಅವಳ ಕ್ಲಾಸು ಬೆಳಿಗ್ಗೆ. ನನ್ನ ಗಿರಾಕಿಗಳು ಪ್ರಾಣ ಹಿಂಡುವುದೂ ಅದೇ ಹೊತ್ತಿಗೆ. ಅವಳು ಕಳೆಯುವ ಲೆಕ್ಕ ಹೇಳಿಕೊಡುವಾಗ ನಾನು ಮಿಷನ್ ತುಳಿಯುತ್ತಿದ್ದೆ. ಅವಳು ಪಾಠದ ನಡುವೆಯೇ, ಕತ್ತು ಕೂಡ ತಿರುಗಿಸದೆ, "ಅಕ್ಕಾ, ಆ ಮಿಷನ್ ನಿಲ್ಲಿಸ್ತೀಯಾ ಸ್ವಲ್ಪ" ಎನ್ನುವಳು. ದಿನಾ ಇದೇ ರಾಗ. ನಾನು ಗೊಣಗಿಕೊಂಡು ನಿಲ್ಲಿಸುವೆ, ಅವಳು ಮುಂದಿನ ಸಾಲು ಬರೆಯುವಳು. ನನ್ನ ಹೊಟ್ಟೆಪಾಡೇನು ಆಟವೇ?

ಮಕ್ಕಳಿಗಿಂತ ಮನೆಯವರನ್ನು ಸಂಭಾಳಿಸುವುದೇ ಅವಳಿಗೆ ದೊಡ್ಡ ಕೆಲಸವಾಗಿತ್ತು. ಒಬ್ಬನ ತಾತ ಫೋನನ್ನು ತಲೆಕೆಳಗಾಗಿ ಹಿಡಿಯುವರು. ಇನ್ನೊಬ್ಬಳ ಅಪ್ಪ ಹಿಂದೆ ನಿಂತು ಉತ್ತರ ಪಿಸುಗುಟ್ಟುವರು, ಅದೂ ತಪ್ಪು ಉತ್ತರ. ಕ್ಲಾಸು ಮುಗಿದ ಮೇಲೆ ಮನೆಮನೆಗೆ ಫೋನ್ ಮಾಡಿ, ಎಲ್ಲಿ ಒತ್ತಬೇಕು, ಮಗು ರಚ್ಚೆ ಹಿಡಿದರೆ ಏನು ಮಾಡಬೇಕು ಎಂದು ತಾಳ್ಮೆಯಿಂದ ಹೇಳುವಳು. ಆ ತಾಳ್ಮೆಯಲ್ಲಿ ಕಾಲುಭಾಗವನ್ನೂ ನನಗೆ ತೋರಿಸಿದವಳಲ್ಲ.

ಅಷ್ಟರಲ್ಲಿ ಹೆಡ್‌ಮಾಸ್ಟರರ ಆಜ್ಞೆ ಬಂತು. ಪರದೆಯಲ್ಲಿ ಮಗುವಿನ ಮುಖ ಕಂಡರೆ ಮಾತ್ರ ಹಾಜರಿ. ಹಾಜರಿ ಕಡಿಮೆಯಾದವರು ಮುಂದಿನ ವರ್ಷವೂ ಎರಡನೇ ತರಗತಿಯಲ್ಲೇ ಕೂರಬೇಕು.

ಅವಳ ಕ್ಲಾಸಿನಲ್ಲಿ ಒಬ್ಬ ಹುಡುಗಿಯಿದ್ದಳು. ಸಮವಸ್ತ್ರ ಹೊಲಿಸಲು ನನ್ನ ಹತ್ತಿರ ಬಂದಿದ್ದಾಗ ಮುಂದಿನ ಹಲ್ಲೆರಡೂ ಇರಲಿಲ್ಲ, ಹಾಗಾಗಿ ನನ್ನ ಬಾಯಲ್ಲಿ ಅವಳು ಬೊಚ್ಚಿ. ಹಾಜರಿ ಕೂಗುವಾಗ ಅವಳ ಜಾಗದಲ್ಲಿ ಬರೀ ಕಪ್ಪು ಚೌಕ ಕಾಣಿಸುತ್ತಿತ್ತು. ಒಳಗಿನಿಂದ "ಬಂದಿದ್ದೀನಿ ಟೀಚರ್" ಎಂಬ ದನಿ, ಅದರ ಹಿಂದೆ ಬುಸ್ಸೆನ್ನುವ ಆವಿಯ ಸದ್ದು. ದೊಡ್ಡ ಹೆಂಗಸು ದನಿಯನ್ನು ಸಣ್ಣಗೆ ಎಳೆದು ಮಗುವಿನಂತೆ ಮಾತಾಡುತ್ತಿದ್ದಾಳೆಂದು ನನಗೇ ತಿಳಿಯಿತು. ನಾನು ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆ. ತಂಗಿ ನಗಲಿಲ್ಲ. ಹಾಜರಿ ಹಾಕಿದಳು.

ಮಧ್ಯಾಹ್ನ ಅವಳು ಫೋನ್ ಮಾಡಿದಾಗ ಬೊಚ್ಚಿಯ ತಾಯಿ ಎಲ್ಲವನ್ನೂ ಒಪ್ಪಿಕೊಂಡಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಇಸ್ತ್ರಿ ಕೆಲಸ. ಮನೆಯಲ್ಲಿ ಇರುವುದು ಒಂದೇ ಫೋನು, ಅದು ಕೆಲಸದ ಕರೆಗೆಂದು ಅವಳ ಬಳಿ ಇರಲೇಬೇಕು. ಮಗು ಅಜ್ಜಿಯ ಜೊತೆ ಮನೆಯಲ್ಲಿರುತ್ತದೆ. ಇವಳು ತಲೆಗೆ ಕಟ್ಟಿದ ಬಟ್ಟೆಯೊಳಗೆ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕೈಯಲ್ಲಿ ಹಾಸಿಗೆ ಬಟ್ಟೆ ಮಡಚುತ್ತ ಪಾಠ ಕೇಳಿ, ಸಂಜೆ ಮಗಳಿಗೆ ಒಪ್ಪಿಸುತ್ತಾಳೆ.

"ನನ್ ಮಗಳೊಬ್ಳೇ ಹಿಂದೆ ಉಳೀಬಾರ್ದು ಟೀಚರ್," ಎಂದು ಆ ಹೆಂಗಸು ಅತ್ತುಬಿಟ್ಟಳು.

"ನಾಳೆಯಿಂದ ದನಿ ಸಣ್ಣ ಮಾಡೋ ಕಷ್ಟ ಬೇಡ," ಎಂದಳು ನನ್ನ ತಂಗಿ. "ನಿಮ್ಮ ದನೀಲೇ ಹೇಳಿ. ನಾನು ಹಾಜರಿ ಹಾಕ್ತೀನಿ."

ಮರುದಿನದಿಂದ ಅವಳು ಪಾಠ ಮಾಡುವ ರೀತಿಯೇ ಬದಲಾಯಿತು. ಪರದೆ ನೋಡಲಾಗದವಳೂ ಕೇಳುತ್ತಿದ್ದಾಳಲ್ಲ, ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳತೊಡಗಿದಳು. ಯಾವ ಅಂಕಿ ಮೇಲೆ, ಯಾವುದು ಕೆಳಗೆ, ಯಾವುದರ ಮೇಲೆ ಗೀಟು ಎಳೆದೆ, ಎಲ್ಲ. ಆಜ್ಞೆಯ ಗತಿಯೇನೇ ಎಂದು ನಾನು ಕೇಳಿದೆ. ಅವಳು ಕ್ಯಾರೇ ಅನ್ನಲಿಲ್ಲ.

ಒಂದು ಬೆಳಿಗ್ಗೆ ಹೆಡ್‌ಮಾಸ್ಟರರು ಸದ್ದಿಲ್ಲದೆ ಕ್ಲಾಸಿನೊಳಗೆ ಬಂದು ಕೂತಿದ್ದರು. ಹೆಂಗಸಿನ ದನಿ ಹಾಜರಿಗೆ ಓಗೊಟ್ಟಿತು, ತಂಗಿ ಮುಂದಿನ ಹೆಸರು ಕೂಗಿದಳು. ಕ್ಲಾಸು ಮುಗಿಯುತ್ತಲೇ ಅವರ ಕರೆ ಬಂತು. ಇದು ಸುಳ್ಳು ಹಾಜರಿ, ಎಲ್ಲವನ್ನೂ ಹೊಡೆದುಹಾಕಿ, ಆ ಮಗು ಎರಡನೇ ತರಗತಿಯಲ್ಲೇ ಉಳಿಯಲಿ ಎಂದರು. ಇವಳಿಗೂ ನೋಟಿಸು ಕೊಡುತ್ತಾರಂತೆ.

"ನೋಟಿಸ್ ಕೊಡಿ ಸಾರ್, ತಗೋತೀನಿ. ಆದ್ರೆ ಪಾಠ ಆ ಮನೆ ಮುಟ್ಟಿದೆ. ಮುಟ್ಟಿಲ್ಲ ಅನ್ನೋದಾದ್ರೆ ಮಗೂನೇ ಕೇಳಿ ನೋಡಿ."

ಅವರು ಎಷ್ಟು ಗದರಿದರೂ ಇವಳು ಪಟ್ಟು ಸಡಿಲಿಸಲಿಲ್ಲ. ಕೊನೆಗೆ ತಾಯಿಗೆ ರಜೆಯಿದ್ದ ದಿನ ಮಗುವನ್ನು ಪರೀಕ್ಷಿಸುವುದೆಂದಾಯಿತು.

ಆ ದಿನ ನಾನು ಮಿಷನ್ ಮುಟ್ಟಲಿಲ್ಲ. ಪರದೆಗೆ ಕಾಣದಂತೆ ತಂಗಿಯ ಪಕ್ಕ ಕೂತಿದ್ದೆ. ಹೆಡ್‌ಮಾಸ್ಟರರು ಪರದೆಯಿಂದಲೇ ಹೇಳಿ ತಾಯಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ಬೊಚ್ಚಿ ಸ್ಲೇಟು ಹಿಡಿದು ಕೂತಿದ್ದಳು. ಒಂದು ಹಲ್ಲು ಅರ್ಧ ಬಂದಿತ್ತು. ಅರವತ್ತಮೂರರಲ್ಲಿ ಇಪ್ಪತ್ತೇಳು ಕಳೆ ಎಂದರು.

ಹುಡುಗಿ ಎದ್ದು, ಸ್ಲೇಟನ್ನು ಗೋಡೆಗೆ ಒರಗಿಸಿ, ನಮಗೆ ಬೆನ್ನು ಮಾಡಿ ಬರೆದಳು. "ಮಕ್ಕಳೇ, ಮೂರರಲ್ಲಿ ಏಳು ಹೋಗಲ್ಲ. ಪಕ್ಕದ ಮನೆಯಿಂದ ಒಂದು ಹತ್ತು ತರೋಣ. ಈಗ ಹದಿಮೂರು. ಹದಿಮೂರರಲ್ಲಿ ಏಳು ಹೋದ್ರೆ ಆರು."

ಆಮೇಲೆ, ಕತ್ತು ಕೂಡ ತಿರುಗಿಸದೆ, "ಅಕ್ಕಾ, ಆ ಮಿಷನ್ ನಿಲ್ಲಿಸ್ತೀಯಾ ಸ್ವಲ್ಪ" ಎಂದಳು. ಒಂದು ಗಳಿಗೆ ಕಾದಳು. "ಪಕ್ಕದ ಮನೇಲಿ ಈಗ ಐದೇ ಇರೋದು. ಐದರಲ್ಲಿ ಎರಡು ಹೋದ್ರೆ ಮೂರು. ಮೂವತ್ತಾರು."

ನನ್ನ ಮಿಷನ್ನಿಗೆ ಮುಸುಕು ಹಾಕಿತ್ತು. ಒಂದಕ್ಷರ ಬಿಟ್ಟರೂ ಮಗಳು ಹಿಂದೆ ಬೀಳುತ್ತಾಳೆಂದು ಹೆದರಿ, ಆ ತಾಯಿ ಕಿವಿಗೆ ಬಿದ್ದದ್ದನ್ನೆಲ್ಲ ಮನೆಗೆ ಹೊತ್ತುಕೊಂಡು ಹೋಗಿದ್ದಳು.

ಮಧ್ಯದಲ್ಲಿ ಹೇಳಿದ್ದು ಏನು ಎಂದು ಹೆಡ್‌ಮಾಸ್ಟರರು ಕೇಳಿದರು.

"ಅದನ್ನ ಹೇಳಿದ್ಮೇಲೇನೇ ಸಾರ್ ಹತ್ತರ ಮನೆ ಕಳೆಯೋದು," ಎಂದಳು ಬೊಚ್ಚಿ, ಇಷ್ಟೂ ಗೊತ್ತಿಲ್ಲವೇ ಎಂಬ ಮುಖ ಮಾಡಿ.

ಅವರು ಕನ್ನಡಕ ತೆಗೆದು ಒರೆಸಿದರು. ಆದರೂ ಹಾಜರಿಯ ನಿಯಮ ನಿಯಮವೇ, ಮೇಡಂ, ಎಂದು ಮೆಲ್ಲಗೆ ಗೊಣಗಿದರು.

"ನಾನು ಹಾಕಿರೋ ಹಾಜರಿ ಸುಳ್ಳು ಅನ್ನಿಸಿದ್ರೆ ನೀವೇ ಹೊಡೆದುಹಾಕಿ ಸಾರ್," ಎಂದಳು ತಂಗಿ. "ನನ್ನ ಕೈಯಲ್ಲಂತೂ ಆಗಲ್ಲ."

ಅವರ ಕೈಯಲ್ಲೂ ಆಗಲಿಲ್ಲ. ಬೊಚ್ಚಿ ಮೂರನೇ ತರಗತಿಗೆ ಹೋದಳು. ಅದು ಆಮೇಲಿನ ಮಾತು.

ಪರೀಕ್ಷೆಯ ಮರುದಿನ ಹಾಜರಿ ಕೂಗುವಾಗ ಅದೇ ಕಪ್ಪು ಚೌಕ, ಅದೇ ಆವಿಯ ಸದ್ದು. "ಬಂದಿದ್ದೀನಿ ಟೀಚರ್" ಎಂದ ದನಿ ಮಾತ್ರ ಎಂದಿಗಿಂತ ಗಟ್ಟಿಯಾಗಿತ್ತು. ತಂಗಿ ಕಳೆಯುವ ಲೆಕ್ಕ ಶುರುಮಾಡಿದಳು. ಬಿಡಿಯ ಮನೆ ಮುಗಿಯಿತು. ನನ್ನ ಕೈಯಲ್ಲಿ ಹೊಲಿಯಲು ಏನೂ ಇರಲಿಲ್ಲ. ಆದರೂ ಮುಸುಕು ತೆಗೆದು, ಬರಿಯ ಮಿಷನ್ನನ್ನೇ ಜೋರಾಗಿ ತುಳಿದೆ, ಅವಳು ನನ್ನನ್ನು ಗದರುವವರೆಗೂ.