ಕಾಂತರಾಜು ಮೇಷ್ಟ್ರ ಹಾಫ್‌ಟೈಮ್

ಎಚ್.ಡಿ. ಕೋಟೆಯ ಹತ್ತಿರದ ಹ್ಯಾಂಡ್‌ಪೋಸ್ಟ್‌ನಲ್ಲಿ ಫುಟ್ಬಾಲ್ ನೋಡಲು ಬಂದವರಿಗೆಲ್ಲ ಮೊನ್ನೆ ಮೊನ್ನೆಯ ತನಕ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತಿತ್ತು. ಹಾಫ್‌ಟೈಮಿನ ಸೀಟಿ ಊದಿದ ಕೂಡಲೇ ಎದುರು ತಂಡದ ಕೋಚು ತನ್ನ ಹುಡುಗಿಯರನ್ನು ಸುತ್ತ ಕೂರಿಸಿಕೊಂಡು ಕೈ ಬಾಯಿ ಆಡಿಸುತ್ತಿರುತ್ತಿದ್ದ. ನಮ್ಮ ಕಾಂತರಾಜು ಮೇಷ್ಟ್ರು ಮಾತ್ರ ಎದ್ದು, ಬಲಗಾಲು ಎಳೆದುಕೊಂಡು, ಮೈದಾನದ ಆ ತುದಿಯ ಹೊಂಗೆ ಮರದ ತನಕ ಹೋಗಿ ಬೆನ್ನು ತಿರುಗಿಸಿ ನಿಂತುಬಿಡುತ್ತಿದ್ದರು. ಎರಡನೇ ಸೀಟಿ ಕೇಳಿದ ಮೇಲೇ ವಾಪಸ್ಸು. ಅಷ್ಟು ಹೊತ್ತೂ ಮಕ್ಕಳು ನೀರು ಕುಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿರುತ್ತಿದ್ದವು. ಆಮೇಲೆ ಎದ್ದು ಹೋಗಿ ಆಡುತ್ತಿದ್ದವು, ಸಾಮಾನ್ಯವಾಗಿ ಸೋಲುತ್ತಿದ್ದವು.

ಇದಕ್ಕೆ ಊರಿನವರು ನಾನಾ ಅರ್ಥ ಕಟ್ಟಿದ್ದರು. ಬೀಡಿ ಸೇದಲು ಹೋಗುತ್ತಾನೆ ಅನ್ನುವವರಿದ್ದರು. ಟೀ ಅಂಗಡಿಯ ಮಾದೇಶನ ಪ್ರಕಾರ ಅದು ಕೇರಳದಿಂದ ಕಲಿತು ಬಂದ ಟೆಕ್ನಿಕ್ಕು, ಮಕ್ಕಳು ಸ್ವಂತ ಬುದ್ಧಿ ಓಡಿಸಲಿ ಅಂತ. ಮಾದೇಶನಿಗೆ ತಿಳಿಯದ ವಿಷಯವೇ ಇಲ್ಲ ಬಿಡಿ. ಅದು ಬೀಡಿಯೂ ಅಲ್ಲ, ಟೆಕ್ನಿಕ್ಕೂ ಅಲ್ಲ. ಅದು ನಾಚಿಕೆ. ಅದರಲ್ಲಿ ನನ್ನ ಪಾಲೂ ಇರುವುದರಿಂದ ನನಗೆ ಗೊತ್ತು.

ನಾನು ಶಾಂಭವಿ, ಅವರ ಹಳೇ ಶಿಷ್ಯೆ. ಈಗ ಕೆ.ಆರ್. ನಗರದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಈ ಕೆಲಸ ಕೊಡಿಸಿದ್ದು ರಾಜ್ಯಮಟ್ಟದಲ್ಲಿ ಆಡಿದ್ದಕ್ಕೆ ಸಿಕ್ಕ ಒಂದು ಪ್ರಮಾಣಪತ್ರ. ಆ ಪತ್ರ ನನ್ನ ಕೈಗೆ ಹೇಗೆ ಬಂತು ಅನ್ನುವುದನ್ನು ಇಷ್ಟು ದಿನ ಯಾರಿಗೂ ಹೇಳಿಲ್ಲ.

ಮೇಷ್ಟ್ರು ಅಂತ ಕರೆಯುತ್ತೇವೆಯೇ ಹೊರತು ಕಾಂತರಾಜು ಎಸ್ಸೆಸ್ಸೆಲ್ಸಿ ದಾಟಿದವರಲ್ಲ. ಅವರಪ್ಪ ಚಲುವಯ್ಯನದು ಎರಡೆಕರೆ ಹತ್ತಿ, ರಾಗಿ. ಹದಿನೆಂಟನೇ ವಯಸ್ಸಿಗೆ ಚಿಕ್ಕಪ್ಪನ ಜೊತೆ ಗಡಿಯ ಬಾವಲಿ ಚೆಕ್‌ಪೋಸ್ಟ್ ದಾಟಿ ವಯನಾಡಿಗೆ ಕಾಫಿ ಕುಯ್ಯಲು ಹೋದರು. ಅಲ್ಲಿ ಗದ್ದೆ ಕೊಯ್ಲಾದ ಮೇಲೆ ಬಿದಿರಿನ ಗ್ಯಾಲರಿ ಕಟ್ಟಿ, ಟಿಕೆಟ್ ಇಟ್ಟು, ಏಳೇಳು ಜನರ ಫುಟ್ಬಾಲ್ ಆಡಿಸುತ್ತಾರೆ. ಒಂದು ಸಂಜೆ ಯಾವುದೋ ತಂಡಕ್ಕೆ ಒಬ್ಬ ಆಟಗಾರ ಬರಲಿಲ್ಲ. ಕೂಲಿ ಮುಗಿಸಿ ಬೇಲಿ ಹತ್ತಿರ ನಿಂತಿದ್ದ ಈ ಎತ್ತರದ ಹುಡುಗನನ್ನು ಒಳಗೆ ತಳ್ಳಿದರು. ಬರಿಗಾಲಲ್ಲೇ ಎರಡು ಗೋಲು. ಅಲ್ಲಿಂದ ಏಳು ವರ್ಷ ಅವರು ಕಾಫಿ ಕುಯ್ಯಲಿಲ್ಲ. ಕಾಸರಗೋಡಿನಿಂದ ಪಾಲಕ್ಕಾಡಿನ ತನಕ 'ಮೈಸೂರು ರಾಜು' ಅಂದರೆ ಜನ ಟಿಕೆಟ್ ಕೊಳ್ಳುತ್ತಿದ್ದರಂತೆ. ಇದರಲ್ಲಿ ಅರ್ಧ ಬುರುಡೆ ಅಂತ ಇಟ್ಟುಕೊಂಡರೂ ಇನ್ನರ್ಧ ಸಣ್ಣದಲ್ಲ.

ಐದನೇ ವರ್ಷ ಬಲ ಮೊಣಕಾಲು ಕೈಕೊಟ್ಟಿತು. ಆಡುವುದು ಬಿಟ್ಟರೆ ಬೇರೆ ಗತಿ ಇಲ್ಲ. ಅದಕ್ಕೊಂದು ಉಪಾಯ ಮಾಡಿದರು. ಗಟ್ಟಿ ಇರುವ ಎಡಗಾಲಿಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು ಇಳಿಯುವುದು. ಒದೆಯಬೇಕು ಅನ್ನುವವರೆಲ್ಲ ಎಡಗಾಲಿಗೇ ಒದೆಯುತ್ತಿದ್ದರು, ಬಲಗಾಲು ಬಚಾವು. ಈ ಗುಟ್ಟು ಗೊತ್ತಿದ್ದದ್ದು ತಂಡದ ಮ್ಯಾನೇಜರ್ ಒಬ್ಬನಿಗೆ. ಎರಡು ವರ್ಷ ಹೀಗೇ ನಡೆಯಿತು. ಮರುವರ್ಷ ಆ ಮ್ಯಾನೇಜರ್ ಬೇರೆ ತಂಡಕ್ಕೆ ಹೋದ. ಮೊದಲ ಪಂದ್ಯದಲ್ಲೇ ಆ ತಂಡದ ಇಬ್ಬರು ಬ್ಯಾಂಡೇಜಿಲ್ಲದ ಕಾಲಿಗೆ ಬಂದರು. ಮೇಷ್ಟ್ರ ಆಟ ಅವತ್ತಿಗೆ ಮುಗಿಯಿತು.

ಈ ಕಥೆಯನ್ನು ಅವರು ನಮಗೆ ಕಡಿಮೆ ಅಂದರೂ ನೂರು ಸಲ ಹೇಳಿದ್ದಾರೆ. "ಕಾಲ್ ಮುರುದೋನ್ ಮೇಲೆ ನನಗೆ ಸಿಟ್ಟಿಲ್ಲ ಕಣ್ರಮ್ಮಿ. ಅವ್ನು ಆಟ ಆಡೋನು. ಬಾಯಿ ಬುಟ್ನಲ್ಲ, ಅವ್ನು ಮನ್ಸ ಅಲ್ಲ," ಅನ್ನುತ್ತಿದ್ದರು. ನಾವು ತಲೆ ಆಡಿಸುತ್ತಿದ್ದೆವು.

ಊರಿಗೆ ಬಂದು ಹ್ಯಾಂಡ್‌ಪೋಸ್ಟ್‌ನ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಸಂಜೆ ಮೈದಾನದಲ್ಲಿ ಚೆಂಡು ಇಟ್ಟುಕೊಂಡು ಕೂತರು. ಗಂಡು ಹುಡುಗರೆಲ್ಲ ಕ್ರಿಕೆಟ್ಟಿನ ಭಕ್ತರು, ಒಬ್ಬನೂ ಬರಲಿಲ್ಲ. ಬಂದವರು ನಾವು, ಹುಡುಗಿಯರು. ಅರ್ಧ ಜನ ಕೋಟೆ ಕಡೆಯವರು, ಅರ್ಧ ಜನ ಸರಗೂರು ಕಡೆಯಿಂದ ಬಸ್ಸಿನಲ್ಲಿ ಬರುವವರು. ನಾಲ್ಕು ವರ್ಷದಲ್ಲಿ ಎಚ್.ಡಿ. ಕೋಟೆ ತಾಲ್ಲೂಕು ತಂಡ ಅಂದರೆ ಹುಣಸೂರು, ಪಿರಿಯಾಪಟ್ಟಣದವರು ಮುಖ ಹುಳ್ಳಗೆ ಮಾಡುವ ಹಾಗಾಯಿತು. ಮುಖ್ಯ ಕಾರಣ ನಮ್ಮ ಗೋಲ್‌ಕೀಪರ್ ಸುಕನ್ಯ, ಸರಗೂರಿನ ಹತ್ತಿರದ ಹಳ್ಳಿಯವಳು. ಕಡ್ಡಿಯಂಥ ಹುಡುಗಿ, ಆದರೆ ಗೋಲು ಬಿಟ್ಟುಕೊಡುತ್ತಿರಲಿಲ್ಲ.

ಅವಳಿಗೆ ಎಡಗಣ್ಣು ಕಾಣುತ್ತಿರಲಿಲ್ಲ. ಚಿಕ್ಕವಳಿದ್ದಾಗ ಹತ್ತಿ ಬಿಡಿಸುವಾಗ ಗಿಡದ ಕಡ್ಡಿ ಚುಚ್ಚಿತ್ತು. ನೋಡಿದರೆ ಗೊತ್ತಾಗುತ್ತಿರಲಿಲ್ಲ, ನಮಗೆ ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ಎರಡನೇ ತಿಂಗಳಲ್ಲೇ ಕಂಡುಹಿಡಿದು, ಒಬ್ಬಳನ್ನೇ ಕರೆದು ಕೇಳಿದ್ದರು. ಅವಳು ಅತ್ತು, ಗೋಲಿನಿಂದ ತೆಗೆಯಬೇಡಿ, ಯಾರಿಗೂ ಹೇಳಬೇಡಿ ಅಂದಳಂತೆ. ಮೇಷ್ಟ್ರು ತಮ್ಮ ಮೊಣಕಾಲು ಮುಟ್ಟಿಕೊಂಡು ಹೇಳಲ್ಲ ಅಂದರು. ಎಡಗಂಬದ ಕಡೆಗೆ ಒಂದು ಹೆಜ್ಜೆ ಸರಿದು ನಿಲ್ಲುವುದನ್ನು ಕಲಿಸಿದರು. ಆ ಕಡೆಯ ಡಿಫೆಂಡರ್ ರೂಪಶ್ರೀಗೆ, ಚೆಂಡು ಬಂದಾಗಲೆಲ್ಲ ಬಾಯಿ ಮುಚ್ಚದೆ ಕೂಗುತ್ತಿರು ಅಂತ ಕಟ್ಟಪ್ಪಣೆ ಮಾಡಿದರು. ರೂಪಶ್ರೀ ಮೊದಲೇ ಬಾಯಿಬಡುಕಿ, ಅವಳಿಗೆ ಕಾರಣ ಬೇಕಿರಲಿಲ್ಲ.

ಆಮೇಲೆ ಸರಗೂರು ಬೇರೆ ತಾಲ್ಲೂಕಾಯಿತು. ಜನ ಪಟಾಕಿ ಹೊಡೆದರು. ನಮ್ಮ ತಂಡ ಎರಡು ಹೋಳಾಯಿತು. ತಾಲ್ಲೂಕು ತಂಡಗಳ ಜಿಲ್ಲಾ ಕೂಟಕ್ಕೆ ಸರಗೂರಿನವರು ಸರಗೂರಿಗೇ ಆಡಬೇಕು. ರೂಪಶ್ರೀ ಕೋಟೆಯವಳಾದ್ದರಿಂದ ನಮ್ಮ ಕಡೆ ಉಳಿದಳು. ಸುಕನ್ಯ ಆ ಕಡೆ ಹೋದಳು. ಹೋದರೂ ಆ ಹುಡುಗಿಯರು ಕೂಟಕ್ಕೆ ಹದಿನೈದು ದಿನ ಇರುವ ತನಕ ಮೇಷ್ಟ್ರ ಹತ್ತಿರವೇ ಕಲಿಯಲು ಬರುತ್ತಿದ್ದರು. ಟೀ ಅಂಗಡಿಯಲ್ಲಿ ಮಾತು ಶುರುವಾಗಿತ್ತು, ಕಾಂತರಾಜುವಿನ ತಂಡದಲ್ಲಿ ಇದ್ದ ದಮ್ಮೆಲ್ಲ ಸರಗೂರಿನದು, ಇನ್ನು ನೋಡಿ ಅವನ ಕಥೆ ಅಂತ. ಈ ಮಾತು ಅವರಿಗೆ ಎಷ್ಟು ನಾಟಿತ್ತು ಅಂತ ನಮಗೆ ಆಗ ತಿಳಿಯಲಿಲ್ಲ.

ಹುಣಸೂರಿನಲ್ಲಿ ಫೈನಲ್. ಎದುರು ಸರಗೂರು. ಗೆದ್ದವರು ರಾಜ್ಯಮಟ್ಟಕ್ಕೆ. ಹಾಫ್‌ಟೈಮಿಗೆ ಅವರು ಒಂದು, ನಾವು ಸೊನ್ನೆ. ನಾನೇ ನಾಲ್ಕು ಸಲ ಹೊಡೆದಿದ್ದೆ, ನಾಲ್ಕನ್ನೂ ಸುಕನ್ಯ ತಡೆದಿದ್ದಳು. ತಡೆದ ಮೇಲೆ ನನ್ನ ನೋಡಿ ನಾಲಿಗೆ ಬೇರೆ ತೋರಿಸಿದಳು. ಬೇಲಿಯಾಚೆ ಕೋಟೆಯ ಕಡೆಯವರೇ ಯಾರೋ, "ಕಾಂತರಾಜು, ಅಂಗ್ಡಿ ಬಾಗ್ಲು ಹಾಕಪ್ಪ," ಅಂದರು. ಮೇಷ್ಟ್ರ ಮುಖ ಕಪ್ಪಿಟ್ಟಿತು. ನಮ್ಮನ್ನು ಸುತ್ತ ಕೂರಿಸಿಕೊಂಡರು. ಆಮೇಲೆ ನೆಲ ನೋಡುತ್ತಾ ಹೇಳಿದರು.

"ಅವ್ಳಿಗೆ ಎಡಗಣ್ಣು ಕಾಣಕಿಲ್ಲ. ಶಾಂಭವಿ, ನೀನ್ ನಿನ್ ಕಡೆಯಿಂದ್ಲೇ ಒಡಿ. ಎತ್ರಕ್ಕೆ."

ರೂಪಶ್ರೀ ಒಬ್ಬಳೇ, "ಅದುಕ್ಕಾ ಸಾ ನನ್ ಕೂಗು ಅಂತಿದ್ದದ್ದು?" ಅಂದಳು. ನಾವು ಯಾರೂ ಬೇಡ ಅನ್ನಲಿಲ್ಲ.

ನಾನು ಬಲಗಡೆಯ ಫಾರ್ವರ್ಡ್. ಎದುರು ನಿಂತ ಗೋಲ್‌ಕೀಪರಿನ ಎಡಗಣ್ಣು ನನ್ನ ಕಡೆಗೇ ಇರುತ್ತದೆ. ಸರಗೂರಿನ ತಂಡದಲ್ಲಿ ಕೂಗುವವರು ಯಾರೂ ಇರಲಿಲ್ಲ. ಹೇಳಿದ ಹಾಗೆ ಎತ್ತರಕ್ಕೆ ಹೊಡೆದೆ, ಗೋಲು. ಹತ್ತು ನಿಮಿಷಕ್ಕೆ ಇನ್ನೊಂದು. ಎರಡನೆಯದು ಒಳಗೆ ಹೋದಾಗ ಸುಕನ್ಯ ಬಲೆಯಲ್ಲಿದ್ದ ಚೆಂಡಿನ ಕಡೆ ತಿರುಗಲಿಲ್ಲ, ನನ್ನನ್ನೂ ನೋಡಲಿಲ್ಲ. ನೇರವಾಗಿ ಮೇಷ್ಟ್ರನ್ನು ನೋಡಿದಳು. ಅವರು ಶೂ ಲೇಸು ಕಟ್ಟಿಕೊಳ್ಳುತ್ತಾ ಬಗ್ಗಿದ್ದರು.

ಆಮೇಲೆ ಅವಳು ಮಾಡಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ನಾನು ಚೆಂಡು ತೆಗೆದುಕೊಂಡು ಬಂದಾಗ ಅವಳು ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಬಲಗಣ್ಣಿನಿಂದ ನನ್ನನ್ನು ನೋಡುತ್ತಾ ನಿಂತಳು, ಕೋಳಿ ನೋಡುವ ಹಾಗೆ. ನಾಲ್ಕು ವರ್ಷ ಮುಚ್ಚಿಟ್ಟದ್ದನ್ನು ಇಡೀ ಮೈದಾನಕ್ಕೆ ತೋರಿಸಿಕೊಂಡು ನಿಂತಳು. ಜನ ನಕ್ಕರು. ಅವಳು ಹೀಗೆ ತಿರುಗಿದ್ದರಿಂದ ಅವಳ ಬಲಗಡೆಯ ಕಂಬದ ಜಾಗ ಪೂರ್ತಿ ಖಾಲಿ ಬಿತ್ತು. ನನಗೆ ಅದು ತಟ್ಟನೆ ಹೊಳೆಯಿತು. ಅತ್ತ ಕಡೆಗೆ ಮೆತ್ತಗೆ ಉರುಳಿಸಿದೆ. ನಮ್ಮಜ್ಜಿಯೂ ಬಗ್ಗಿ ಎತ್ತಿಕೊಳ್ಳಬಹುದಾದಂಥ ಚೆಂಡು. ಅದು ಗೆರೆ ದಾಟಿದ ಮೇಲೆ ಅವಳಿಗೆ ಗೊತ್ತಾಯಿತು. ಮೊದಲ ಎರಡು ಗೋಲುಗಳ ಪಾಪವನ್ನು ಬೇಕಾದರೆ ಮೇಷ್ಟ್ರ ತಲೆಗೆ ಕಟ್ಟಬಹುದು. ಮೂರನೆಯದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನನ್ನನ್ನು ಹೊತ್ತು ಕುಣಿದರು. ಪೇಪರಿನಲ್ಲಿ ಫೋಟೋ ಬಂತು. ಜಿಲ್ಲಾ ತಂಡಕ್ಕೆ ಸುಕನ್ಯಳ ಹೆಸರು ಬರೆದುಕೊಂಡಿದ್ದವರು ಸಂಜೆಯೊಳಗೆ ಅದನ್ನು ಹೊಡೆದುಹಾಕಿದರು. ಅವಳು ಅವತ್ತೇ ಗ್ಲೌಸು ಬಿಚ್ಚಿಟ್ಟಳು. ಮೇಷ್ಟ್ರು ಸನ್ಮಾನದ ಶಾಲನ್ನು ಬಸ್ಸಿನಲ್ಲೇ ಬಿಟ್ಟು ಇಳಿದರು. ಮುಂದಿನ ಪಂದ್ಯದಿಂದ ಶುರುವಾಯಿತು ಹೊಂಗೆ ಮರ.

ಆರು ವರ್ಷ ಕಳೆಯಿತು. ಸುಕನ್ಯ ಸರಗೂರಿನ ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದ್ದಳು. ಸಂಜೆ ಹಾಸ್ಟೆಲಿನ ಹುಡುಗಿಯರಿಗೆ ಆಟ ಕಲಿಸುತ್ತಾಳೆ ಅಂತ ಯಾರೋ ಹೇಳಿದ್ದರು. ಮೇಷ್ಟ್ರು ಎರಡು ಸಲ ಸರಗೂರಿನ ಬಸ್ಸು ಹತ್ತಿ, ಅಲ್ಲಿ ಇಳಿದು, ಹಾಸ್ಟೆಲಿನ ಗೇಟಿನ ತನಕ ಹೋಗಿ ಹಿಂದಕ್ಕೆ ಬಂದಿದ್ದರು. ನಾನು ಅಷ್ಟೂ ಹೋಗಿರಲಿಲ್ಲ.

ಕಳೆದ ಜನವರಿಯಲ್ಲಿ ಅವಳೇ ತನ್ನ ತಂಡವನ್ನು ಕಟ್ಟಿಕೊಂಡು ಹ್ಯಾಂಡ್‌ಪೋಸ್ಟ್‌ಗೆ ಬಂದಳು. ಪಂದ್ಯಕ್ಕೆ ಕೇಳಿದ್ದೂ ಅವಳೇ. ಸೀಟಿ ಊದಲು ಮೇಷ್ಟ್ರು ನನ್ನನ್ನು ಕರೆಸಿದ್ದರು, ಒಬ್ಬರೇ ಇರಲು ಹೆದರಿಕೆ ಅಂತ ಕಾಣುತ್ತದೆ. ಹಾಫ್‌ಟೈಮಿಗೆ ಸರಗೂರು ಒಂದು ಗೋಲು ಮುಂದಿತ್ತು. ಮೇಷ್ಟ್ರು ಎದ್ದು ಮರದ ಕಡೆ ನಡೆದರು. ಸುಕನ್ಯ ತನ್ನ ಮಕ್ಕಳಿಗೆ ನೀರು ಕೊಟ್ಟು, ಅವರ ಹಿಂದೆಯೇ ಹೊರಟಳು. ಜಗಳವಾಗುತ್ತದೆ ಅಂತ ನಾನೂ ಓಡಿದೆ.

"ಏನ್ ನೋಡ್ತಾ ನಿಂತಿದ್ದೀರಿ ಸಾ ಇಲ್ಲಿ?" ಅಂದಳು.

ಮೇಷ್ಟ್ರು ತಿರುಗಲಿಲ್ಲ. "ಆಫ್‌ಟೈಮಲ್ಲಿ ನನ್ ಬಾಯಿ ನಂಬಂಗಿಲ್ಲ ಕಣವ್ವ. ನನಗೊದ್ದಿಸ್ದ ಆ ಮ್ಯಾನೇಜರು ನಾನೇ ಆಗೋದೆ. ಎಂಗ್ ಕೇಳ್ಲಿ ನಿನ್ನ ಕ್ಷಮೆಯ?"

"ಕೇಳ್ಬೇಡಿ. ಕೇಳುಸ್ಕಳಕ್ಕೆ ಬಂದಿಲ್ಲ ನಾನು. ನಿಮ್ ಮಕ್ಳು ಅಲ್ಲಿ ಕುಂತ್ಕಂಡು ನಿಮ್ ಬೆನ್ನು ನೋಡ್ತಾ ಅವೆ. ಅವೇನ್ ಮಾಡಿದ್ವು?"

ಸುಕನ್ಯ ಇನ್ನೂ ಒಂದು ಹೆಜ್ಜೆ ಹತ್ತಿರ ಹೋದಳು.

"ನಮ್ ಗೋಲ್‌ಕೀಪರ್ ಸೌಂದರ್ಯ ಇದ್ದಾಳಲ್ಲ. ಎತ್ರದ್ ಚೆಂಡು ಅಂದ್ರೆ ಅವ್ಳಿಗೆ ಭಯ. ಕಣ್ ಮುಚ್ಕತಾಳೆ. ಅದು ನನಗೊಬ್ಳಿಗೇ ಗೊತ್ತಿತ್ತು, ಈಗ ನಿಮಗೂ ಗೊತ್ತಾಯ್ತು. ಓಗಿ ಸಾ, ನಿಮ್ ಮಕ್ಳತ್ರ ಮಾತಾಡಿ."

ಅಷ್ಟು ಹೇಳಿ ಹೊರಟುಹೋದಳು. ಮೇಷ್ಟ್ರು ಮರ ಹಿಡಿದುಕೊಂಡು ನಿಂತಿದ್ದರು. ಆಮೇಲೆ ಕಾಲೆಳೆದುಕೊಂಡು ಮೈದಾನ ದಾಟಿದರು. ಮಕ್ಕಳು ಗಾಬರಿಯಾಗಿ ಎದ್ದು ನಿಂತವು, ಮೇಷ್ಟ್ರು ಹಾಫ್‌ಟೈಮಿನಲ್ಲಿ ಹತ್ತಿರ ಬಂದದ್ದನ್ನು ಅವು ಕಂಡೇ ಇರಲಿಲ್ಲ.

"ಕುಂತ್ಕಳಿ," ಅಂದರು. "ಚೆಂಡು ನೆಲ ಬುಟ್ಟು ಮ್ಯಾಕ್ಕೇಳ್ಬಾರ್ದು. ಕಾಲಿಂದ ಕಾಲಿಗೆ ಕೊಟ್ಕಂಡ್ ಓಗಿ."

"ಸಾ, ಮ್ಯಾಕ್ಕೆ ಒಡುದ್ರೆ ಬೇಗ ಗೋಲಾಯ್ತದಲ್ವ?" ಅಂದಳು ಒಬ್ಬಳು.

"ಬ್ಯಾಡ ಕಣಮ್ಮಿ. ನೆಲದ್ ಮ್ಯಾಲೆ ಗೆಲ್ಲಾದ ಕಲೀರಿ."

ಎರಡು ಒಂದರಲ್ಲಿ ಸೋತೆವು. ಆ ಒಂದು ಗೋಲು ಮಾತ್ರ ಎಂಟು ಕಾಲು ದಾಟಿ, ಎಲ್ಲೂ ನೆಲ ಬಿಡದೆ, ಸೌಂದರ್ಯಳ ಪಕ್ಕದಲ್ಲೇ ಉರುಳಿ ಹೋಯಿತು. ಅವಳು ಕಣ್ಣು ಬಿಟ್ಟುಕೊಂಡೇ ಬಿದ್ದಿದ್ದಳು. ಮೇಷ್ಟ್ರು ಟವೆಲಿನಿಂದ ಮುಖ ಒರೆಸಿಕೊಂಡರು. ಸುಕನ್ಯ ಹೊರಡುವಾಗ ಅವರಿಗೆ, ಮುಂದಿನ ತಿಂಗಳು ನೀವು ಸರಗೂರಿಗೆ ಬನ್ನಿ ಅಂದಳು.

ಬಸ್‌ಸ್ಟಾಪಿಗೆ ಅವಳನ್ನು ಬಿಡಲು ನಾನು ಹೋದೆ. ಮಕ್ಕಳು ಕಡಲೆಕಾಯಿ ತಿನ್ನುತ್ತಿದ್ದವು. ಮೇಷ್ಟ್ರಿಗೆ ಏನೋ ಒಂದು ದಾರಿ ಸಿಕ್ಕಿತು, ನನಗೂ ಒಂದು ಕೊಡಲಿ ಅನ್ನುವ ಆಸೆ. "ಸುಕನ್ಯ, ಅವತ್ತು ಆ ಮೂರ್ನೇ ಗೋಲು," ಅಂತ ಶುರುಮಾಡಿದೆ.

ಅವಳು ಬಲಗಣ್ಣು ನನ್ನ ಕಡೆ ಬರುವ ಹಾಗೆ ಕತ್ತು ತಿರುಗಿಸಿದಳು. ಈಗ ಅವಳು ಎಲ್ಲರನ್ನೂ ಹಾಗೇ ನೋಡುತ್ತಾಳೆ, ಮುಚ್ಚಿಡುವುದಿಲ್ಲ.

"ಅದ್ನ ಯಾಕ್ ಮನ್ಸಲ್ಲಿ ಇಟ್ಕಂಡಿದ್ದೀಯ ಬುಡು," ಅಂದಳು. "ಏನ್ ಜೋರಾಗಿ ಒಡುದ್ದೆ ಕಣೆ ಅದ್ನ. ಎರಡು ಕಣ್ಣಿದ್ದೋರ್ಗೂ ಸಿಕ್ತಿರ್ಲಿಲ್ಲ."

ಬಸ್ಸು ಬಂತು. ಮಕ್ಕಳನ್ನು ಎಣಿಸಿ ಹತ್ತಿಸಿ, ತಾನೂ ಹತ್ತಿ, ಕಿಟಕಿಯಿಂದ ಕೈ ಬೀಸಿದಳು. ನಾನೂ ಬೀಸಿದೆ. ಆ ಚೆಂಡು ಎಷ್ಟು ಮೆತ್ತಗೆ ಹೋಗಿತ್ತು ಅಂತ ಅವಳಿಗೂ ಗೊತ್ತು, ನನಗೂ ಗೊತ್ತು.